ಸಾಕಿದ ಕರುಳು, ಹಟಮಾರಿ ವೈರಸ್

ಹೂಸ್ಟನ್‌ನ ಟೆಕ್ಸಾಸ್ ಮೆಡಿಕಲ್ ಸೆಂಟರ್ ಎಂದರೆ ಆಸ್ಪತ್ರೆಗಳದೇ ಒಂದು ಪೇಟೆ. ಅಲ್ಲಿನ ಬೇಲರ್ ಕಾಲೇಜ್ ಆಫ್ ಮೆಡಿಸಿನ್‌ನಲ್ಲಿ ಮೇರಿ ಎಸ್ಟೆಸ್ ಅವರ ತಂಡ ಮನುಷ್ಯರ ಕರುಳಿನ ಒಳಪದರವನ್ನು ತಟ್ಟೆಯಲ್ಲಿ ಬೆಳೆಸುತ್ತದೆ. ಅದರಲ್ಲಿ ಸಾಕಿದ್ದು ನೊರೊವೈರಸ್ಸನ್ನು. ವಾಂತಿಭೇದಿ ತರುವ ಈ ವೈರಸ್ 1968ರಲ್ಲಿ ಓಹಾಯೋದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಹಬ್ಬಿತ್ತು, 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಆಮೇಲೆ ನಾಲ್ಕು ದಶಕ ಪ್ರಯೋಗಾಲಯದಲ್ಲಿ ಬೆಳೆಸಲು ಹೋದವರನ್ನೆಲ್ಲ ಸತಾಯಿಸಿತು.

ಕೆಲಸ ಶುರುವಾಗುವುದು ಐಸ್ ಡಬ್ಬಿಯ ಮುಂದೆ. ಕೋಶಗಳನ್ನು ಹಿಡಿದಿಡುವ ಜೆಲ್ ತಣ್ಣಗಿದ್ದಾಗ ನೀರು. 37 ಡಿಗ್ರಿಯ ಇನ್‌ಕ್ಯುಬೇಟರ್ ಸೇರಿದ ಕೂಡಲೇ ಗಟ್ಟಿ. ಹಾಗಾಗಿ ಕೈ ಚುರುಕಾಗಿರಬೇಕು. ರೋಗಿಗಳ ಕರುಳಿನ ಚೂರಿನಿಂದ ತೆಗೆದ ಕಾಂಡಕೋಶಗಳನ್ನು ಜೆಲ್‌ನಲ್ಲಿ ಕಲಸಿ ಹನಿಹನಿಯಾಗಿ ಇಡುತ್ತಾರೆ. ಕೆಲವೇ ದಿನಗಳಲ್ಲಿ ಸೂಕ್ಷ್ಮದರ್ಶಕದಲ್ಲಿ ನೆನೆದ ಸಬ್ಬಕ್ಕಿಯಂಥ ಪಾರದರ್ಶಕ ಗುಳ್ಳೆಗಳು ಕಾಣುತ್ತವೆ. ಇವೇ ಎಂಟರಾಯ್ಡ್. ಅವನ್ನು ಬಿಡಿಸಿ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಬೆಳವಣಿಗೆಗೆ ಬೇಕಾದ ಪ್ರೋಟೀನ್ ಕಡಿತಗೊಳಿಸಿದರೆ ಪ್ರೌಢ ಕರುಳಕೋಶಗಳಾಗುತ್ತವೆ.

ಇನ್ನು ವೈರಸ್. ರೋಗಿಗಳ ಮಲವನ್ನು ಸೋಸಿ ಸುರಿಯುತ್ತಾರೆ. 2016ರಲ್ಲಿ ತಂಡ ಪ್ರಕಟಿಸಿದ ಬಹುಮುಖ್ಯ ಸಂಗತಿ ಪಿತ್ತರಸದ್ದು: ಜಿಐಐ.3 ಎಂಬ ತಳಿ ಪಿತ್ತರಸವಿಲ್ಲದೆ ಬೆಳೆಯಲೇ ಇಲ್ಲ. ಕರುಳಿನಲ್ಲಿ ಹರಿಯುವ ರಸವನ್ನು ತಟ್ಟೆಗೂ ಕೊಡಬೇಕಿತ್ತು, ಅಷ್ಟೇ!

ನನಗೆ ಇದಕ್ಕಿಂತ ಅಚ್ಚರಿ ತಂದದ್ದು, ತಟ್ಟೆಗೆ ಬಂದ ಮೇಲೂ ಕೋಶ ತನ್ನ ಒಡೆಯರ ಗುಣ ಬಿಡದಿರುವುದು. ಎಫ್‌ಯುಟಿ2 ಜೀನ್ ಕೆಲಸ ಮಾಡದವರಿಗೆ ಸಾಮಾನ್ಯವಾಗಿ ಜಿಐಐ.4 ಎಂಬ ಇನ್ನೊಂದು ತಳಿ ತಗಲುವುದಿಲ್ಲ. ಯುರೋಪ್ ಮೂಲದವರಲ್ಲಿ ಸುಮಾರು ಐವರಲ್ಲೊಬ್ಬರು ಅಂಥವರು. ಅವರ ಕರುಳಿಂದ ಬೆಳೆಸಿದ ಪದರಕ್ಕೂ ಅದು ಅಂಟಲಿಲ್ಲ. ಇಲಿಯನ್ನು ಕೇಳಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ.

ಸೋಂಕು ತಗಲಿದ ಕೋಶ ಸುಮ್ಮನಿರದೆ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಸುರಿಸಿ ಪಕ್ಕದವನ್ನು ಎಚ್ಚರಿಸುತ್ತದೆ. 2020ರಲ್ಲಿ ಇದೇ ತಂಡ ಆ ಎಚ್ಚರಿಕೆಯ ದಾರಿ ಮುಚ್ಚಿ ನೋಡಿತು: ಜಿಐಐ.3 ಕಡಿವಾಣವಿಲ್ಲದೆ ಹರಡಿತು, ಜಿಐಐ.4ಗೆ ಮಾತ್ರ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಒಂದೇ ರೋಗ ತರುವ ಎರಡು ತಳಿಗೆ ಒಂದೇ ಮದ್ದು ಸಾಲದಿರಬಹುದು ಎಂಬುದು ಇಲ್ಲಿಂದ ನಾನು ಹೊತ್ತು ಬಂದ ಆತಂಕ.

ಕೊರತೆಯೂ ಇದೆ. ಈ ಪದರದಲ್ಲಿ ನರವಿಲ್ಲ, ರಕ್ತನಾಳವಿಲ್ಲ, ಉರಿಯೂತವನ್ನು ನಿಜವಾಗಿ ಭುಗಿಲೆಬ್ಬಿಸುವ ರಕ್ಷಣಾ ಕೋಶಗಳೂ ಇಲ್ಲ. ಅದಕ್ಕೇ ಕೆಲವು ಪ್ರಯೋಗಾಲಯಗಳು ಕರುಳ ಪದರದ ಕೆಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳನ್ನು ಕೂರಿಸಿ ಎರಡನ್ನೂ ಜೊತೆಗೇ ಬೆಳೆಸುತ್ತಿವೆ.