ನಕಲು ಕಲಿಸುವ ಪಾಠ

ಪರೀಕ್ಷಾ ಕೊಠಡಿಯ ದೆಸೆಯಿಂದ ‘ನಕಲು’ ಎಂಬ ಮಾತು ಕೆಟ್ಟ ಹೆಸರು ಪಡೆದಿದೆ. ಚಿತ್ರಕಲೆಯಲ್ಲಿ ಹಾಗಲ್ಲ. ಬಲ್ಲವರ ಕೃತಿಯನ್ನು ಎದುರಿಗಿಟ್ಟುಕೊಂಡು ಕಲಿಯುವುದು ಅಲ್ಲಿ ಹಳೆಯ ಕ್ರಮ. 1868ರಲ್ಲಿ ತಿರುವಾಂಕೂರಿಗೆ ಬಂದ ಯುರೋಪಿನ ಚಿತ್ರಕಾರ ಥಿಯೋಡರ್ ಜೆನ್ಸನ್, ತರುಣ ರವಿವರ್ಮನಿಗೆ ಪಾಠ ಹೇಳಲು ಒಪ್ಪಲಿಲ್ಲ; ತಾನು ಕೆಲಸ ಮಾಡುವುದನ್ನು ನೋಡಲು ಮಾತ್ರ ಬಿಟ್ಟ. ನೋಡುವುದೇ ಅಲ್ಲಿ ಪಾಠವಾಯಿತು.

ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಂಥ ಊರಿನಲ್ಲಿ ತೈಲವರ್ಣ ಕಲಿಯಬಯಸುವವರಿಗೆ ಆ ನೋಟವೂ ಸುಲಭವಲ್ಲ. ಅವರ ಮುಂದಿರುವುದು ಕ್ಯಾಲೆಂಡರು ಅಥವಾ ಮೊಬೈಲ್ ಪರದೆ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯ ಪುರಾಣದ ಚಿತ್ರಗಳನ್ನು ಮನೆಮನೆಗೆ ತಲುಪಿಸಿತು. ಅದರ ಆರಂಭದ ಮುದ್ರಣಗಳಲ್ಲೊಂದು ‘ಶಕುಂತಲಾ ಜನನ’: ತಪೋವನದಲ್ಲಿ ಮಗುವನ್ನು ತೋರುತ್ತಿರುವ ಮೇನಕೆ, ಮುಖ ತಿರುಗಿಸಿ ಕೈಯಡ್ಡ ಹಿಡಿದ ವಿಶ್ವಾಮಿತ್ರ. ಅಭ್ಯಾಸಕ್ಕೆ ಇಂಥ ಅರಣ್ಯ ದೃಶ್ಯ ಹೇಳಿ ಮಾಡಿಸಿದಂತಿರುತ್ತದೆ. ಮೈಬಣ್ಣ, ಬಟ್ಟೆಯ ಮಡಿಕೆ, ಬಂಡೆ, ಎಲೆ, ದೂರ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ದೊರೆಯುತ್ತವೆ.

ಕೊಳವೆಯ ಹಸಿರನ್ನು ಹಾಗೆಯೇ ಬಳಿದರೆ ಕಾಡು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಕೆಂಗಂದು ಬಣ್ಣ ಬೆರೆಸಿ ಅದರ ಕಣ್ಣುಕುಕ್ಕುವ ಗುಣವನ್ನು ತಗ್ಗಿಸಬೇಕು. ದೂರದ ಮರಗಳಿಗೆ ನೀಲಿ, ಬಿಳಿ ಸೇರಿಸಿದರೆ ಅವು ಹಿಂದೆ ಸರಿಯುತ್ತವೆ. ಮೊದಲ ಲೇಪಕ್ಕೆ ಟರ್ಪೆಂಟೈನ್ ಬೆರೆಸಿದ ತೆಳುಬಣ್ಣ, ಮೇಲಿನ ಲೇಪಗಳಿಗೆ ಅಗಸೆ ಎಣ್ಣೆ ಹೆಚ್ಚಿರುವ ಬಣ್ಣ ಎಂಬುದು ನಿಯಮ. ಇದು ತಲೆಕೆಳಗಾದರೆ ಅಡಿಯ ಪದರ ನಿಧಾನವಾಗಿ ಒಣಗಿ, ಮೇಲಿನದು ಬಿರಿಯುತ್ತದೆ.

ಆದರೆ ಮುದ್ರಣ ಕಲಿಸಲಾಗದ ಪಾಠವೂ ಇದೆ. ನೆರಳು ಎಷ್ಟು ತೆಳು, ಬೆಳಕು ಎಷ್ಟು ದಪ್ಪ, ಕುಂಚ ಯಾವ ದಿಕ್ಕಿಗೆ ಹರಿದಿದೆ ಎಂಬುದನ್ನು ನುಣುಪು ಕಾಗದ ಹೇಳುವುದಿಲ್ಲ. ಅದಕ್ಕೆ ಮೂಲ ಕೃತಿಯೇ ಬೇಕು. ರವಿವರ್ಮನ ಮೂಲ ಕೃತಿಗಳಿರುವ ಜಗನ್ಮೋಹನ ಅರಮನೆ ದೂರದ ಮೈಸೂರಿನಲ್ಲಿದೆ. ಪುರಾಣ ಚಿತ್ರಗಳಿಂದ ದೇಶದಲ್ಲೇ ಹೆಸರಾದ ಎಸ್.ಎಂ. ಪಂಡಿತ್ (1916–1993) ನಮ್ಮದೇ ಕಲಬುರಗಿಯವರಾದರೂ, ಈ ಭಾಗದ ಎಷ್ಟು ಮಕ್ಕಳು ಅವರ ಕ್ಯಾನ್ವಾಸಿನ ಎದುರು ನಿಂತಿದ್ದಾರೆ?

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ 1793ರಿಂದಲೂ ನಕಲುಗಾರರನ್ನು ಬರಮಾಡಿಕೊಳ್ಳುತ್ತಿದೆ. ನಕಲು ಮೂಲದ ಅಳತೆಯಲ್ಲಿರಬಾರದು, ಮೂಲ ಕಲಾವಿದನ ಸಹಿ ಹಾಕಬಾರದು ಎಂಬ ಷರತ್ತುಗಳಿಂದ ಕಲಿಕೆಗೂ ವಂಚನೆಗೂ ನಡುವೆ ಗೆರೆ ಎಳೆದಿದೆ. ಇದೇ ಷರತ್ತಿನ ಮೇಲೆ ನಮ್ಮ ಚಿತ್ರಶಾಲೆಗಳೂ ವಿದ್ಯಾರ್ಥಿಗಳಿಗೆ ವಾರದಲ್ಲಿ ಒಂದು ದಿನ ಮೀಸಲಿಡಬಹುದು. ಜಿಲ್ಲಾ ಕೇಂದ್ರಗಳಿಗೆ ಸರದಿಯ ಮೇಲೆ ಕೃತಿಗಳನ್ನು ಕಳುಹಿಸುವ ವ್ಯವಸ್ಥೆಯನ್ನೂ ರೂಪಿಸಬಹುದು. ಇದಕ್ಕೆ ಹಣಕ್ಕಿಂತ ಮನಸ್ಸು ಹೆಚ್ಚು ಬೇಕು.

ನಕಲು ದಾರಿಯೇ ಹೊರತು ಊರಲ್ಲ. ತಪೋವನದ ಹಸಿರನ್ನು ಬೆರೆಸಲು ಕಲಿತ ಕೈ, ಒಂದು ದಿನ ಮಸ್ಕಿಯ ಬಂಡೆಗುಡ್ಡಗಳತ್ತ, ತುಂಗಭದ್ರಾ ಕಾಲುವೆಯ ನೀರುಂಡ ಸಿಂಧನೂರಿನ ಭತ್ತದ ಗದ್ದೆಗಳತ್ತ ತಿರುಗಬೇಕು. ಆ ಹಸಿರನ್ನು ಯಾವ ರವಿವರ್ಮನೂ ಮೊದಲೇ ಬಳಿದಿಟ್ಟಿಲ್ಲ.