ಬರೆಯಲಾರದ ಕೈಗೆ ಆಶುನಾಟಕದ ಆಸರೆ

ಜಾತ್ರೆಗೆಂದೋ, ಶಾಲೆಯ ಸುವರ್ಣ ಮಹೋತ್ಸವಕ್ಕೆಂದೋ ಸ್ಮರಣ ಸಂಚಿಕೆ ಸಿದ್ಧವಾಗುವಾಗ ಊರಿನ ಹಿರಿಯರಿಗೂ ನಿವೃತ್ತ ಶಿಕ್ಷಕರಿಗೂ ‘ತಾವೊಂದು ಲೇಖನ ಬರೆದುಕೊಡಬೇಕು’ ಎಂಬ ಕೋರಿಕೆ ಬರುವುದುಂಟು. ಕಟ್ಟೆಯ ಮೇಲೆ ಕುಳಿತರೆ ಗಂಟೆಗಟ್ಟಲೆ ಸೊಗಸಾಗಿ ಮಾತನಾಡುವವರೇ ಬಿಳಿಯ ಹಾಳೆಯ ಮುಂದೆ ಮೂಕರಾಗುವುದನ್ನು ನಾವು ಕಂಡಿದ್ದೇವೆ. ಒಂದು ಸಾಲು ಬರೆಯುತ್ತಾರೆ, ಹೊಡೆದುಹಾಕುತ್ತಾರೆ, ಕಡೆಗೆ ‘ಬಿಡುವಾಗಲಿಲ್ಲ’ ಎಂದು ಹೇಳಿ ಕಳುಹಿಸುತ್ತಾರೆ. ಅವರು ಬರೆಯದೆ ಉಳಿಸಿದ ನೆನಪುಗಳು ಅವರೊಡನೆಯೇ ಹೋಗಿಬಿಡುತ್ತವೆ. ಮನೆತನಕ್ಕೂ ಊರಿಗೂ ಆಗುವ ನಷ್ಟ ಅದು.

ಇದು ಹೊಸಬರಿಗಷ್ಟೇ ಬರುವ ತೊಡಕೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಕೀತ್ ಜಾನ್‌ಸ್ಟೋನ್ ಎಂಬವರು ಲಂಡನ್ನಿನ ಬ್ಯಾಟರ್‌ಸಿಯಲ್ಲಿ ಶಾಲಾ ಶಿಕ್ಷಕರಾಗಿದ್ದವರು. 1956ರಲ್ಲಿ ಅಲ್ಲಿನ ರಾಯಲ್ ಕೋರ್ಟ್ ರಂಗಮಂದಿರದವರು ಅವರಿಂದ ನಾಟಕವೊಂದನ್ನು ಬರೆಸಲು ಮುಂದಾದರು. ಬರಹ ‘ಚೆನ್ನಾಗಿರಲೇಬೇಕು’ ಎಂಬ ಚಿಂತೆ ಹತ್ತಿಕೊಂಡೊಡನೆ ಅವರ ಬರವಣಿಗೆ ಬತ್ತತೊಡಗಿತು. ಮೊದಲು ಹೊಳೆದದ್ದು ಯಾವುದೂ ಸಾಲದೆಂದು ತೋರತೊಡಗಿತು. ಅದೇ ರಂಗಮಂದಿರದಲ್ಲಿ ಆಗ ಲೇಖಕರ ಗುಂಪೊಂದು ಸೇರುತ್ತಿತ್ತು. ಮುಂದೆ 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದ ನೈಜೀರಿಯದ ವೋಲೆ ಶೋಯಿಂಕಾ, ನಾಟಕಕಾರ ಎಡ್ವರ್ಡ್ ಬಾಂಡ್, ಆ್ಯನ್ ಜೆಲಿಕೋ ಮೊದಲಾದವರು ಅದರಲ್ಲಿದ್ದರು. ಆಡಿ ತೋರಿಸಬಹುದಾದುದನ್ನು ಚರ್ಚಿಸುತ್ತ ಕೂಡಬಾರದೆಂಬುದು ಅವರ ನಿಯಮ. ಲೇಖಕರೇ ಎದ್ದು ನಿಂತು, ಬರೆದ ಮಾತುಗಳಿಲ್ಲದೆ, ಆ ಕ್ಷಣದಲ್ಲಿ ಬಾಯಿಗೆ ಬಂದುದನ್ನು ಆಡುತ್ತಿದ್ದರು. ಇದರಿಂದ ಬೆಳೆದದ್ದೇ ಜಾನ್‌ಸ್ಟೋನರ ಆಶುನಾಟಕ ಪದ್ಧತಿ. ಬ್ರಿಟನ್ನಿನಲ್ಲಿ 1968ರವರೆಗೆ ನಾಟಕದ ಹಸ್ತಪ್ರತಿಯನ್ನು ಮುಂಚಿತವಾಗಿ ಸರ್ಕಾರದ ಪರಿಶೀಲಕರಿಗೆ ಒಪ್ಪಿಸಬೇಕಿತ್ತು. ಹಸ್ತಪ್ರತಿಯೇ ಇಲ್ಲದ ನಾಟಕವನ್ನು ಒಪ್ಪಿಸುವುದೆಂತು? ಆದ್ದರಿಂದ ಅವರು ತಮ್ಮ ಆಟಗಳನ್ನು ‘ಸಾರ್ವಜನಿಕ ಪಾಠ’ಗಳೆಂದು ಕರೆದು ನಡೆಸಿದರಂತೆ! 1979ರಲ್ಲಿ ‘ಇಂಪ್ರೊ’ ಎಂಬ ಗ್ರಂಥ ಬರೆದ ಅವರು ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿ, 2023ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಕಂಡುಕೊಂಡ ಮರ್ಮ ಸರಳವಾದುದು. ಆಶುನಾಟಕದಲ್ಲಿ ಒಬ್ಬನು ‘ಅಗೋ, ಮಳೆ ಬಂತು’ ಎಂದಾಗ ಎದುರಿನವನು ‘ಎಲ್ಲಿಯ ಮಳೆ?’ ಎಂದರೆ ಆಟ ಅಲ್ಲಿಗೇ ಸತ್ತಿತು. ‘ಹೌದು, ಅಂಗಳದಲ್ಲಿ ಜೋಳ ಹರವಿದ್ದೇವಲ್ಲ!’ ಎಂದರೆ ಕಥೆ ಓಡುತ್ತದೆ. ಹಾಳೆಯ ಮುಂದೆ ಕುಳಿತವನು ತನ್ನ ಮನಸ್ಸು ನೀಡಿದ ಪ್ರತಿಯೊಂದು ಮಾತಿಗೂ ‘ಎಲ್ಲಿಯ ಮಳೆ?’ ಎನ್ನುತ್ತಿರುತ್ತಾನೆ. ನಟನಿಗೆ ಹಾಗೆನ್ನಲು ಪುರುಸೊತ್ತಿಲ್ಲ. ಹೊಸತನಕ್ಕಾಗಿ ತಡಕಾಡದೆ ಸಹಜವಾಗಿ ತೋರಿದುದನ್ನೇ ಹೇಳಿರೆಂದು ಜಾನ್‌ಸ್ಟೋನ್ ಶಿಷ್ಯರಿಗೆ ಕಲಿಸುತ್ತಿದ್ದರು. ಒಬ್ಬರಿಗೆ ಸಹಜವಾದುದು ಇನ್ನೊಬ್ಬರಿಗೆ ಹೊಸದಾಗಿ ಕೇಳುತ್ತದೆ.

ನಮ್ಮ ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಇದೇನು ಅಪರಿಚಿತವಲ್ಲ. ಭಾಗವತರು ಹಾಡುವ ಪ್ರಸಂಗದ ಪದ್ಯಗಳು ಮಾತ್ರ ಅಲ್ಲಿ ಬರೆದಿಟ್ಟವು; ವೇಷವಿಲ್ಲದೆ ಕುಳಿತು ಅರ್ಥಧಾರಿಗಳು ಆಡುವ ಮಾತೆಲ್ಲ ಆಶುವೇ. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತಿನ ಹಿಂದೆ ಪುರಾಣ, ಕಾವ್ಯಗಳ ಆಳವಾದ ಓದಿತ್ತು. ಆದಕಾರಣ ಆಶುವೆಂದರೆ ಸಿದ್ಧತೆ ಬೇಡವೆಂದಲ್ಲ. ಒಳಗೆ ಕೂಡಿಟ್ಟುದಕ್ಕೆ ಬಾಗಿಲು ತೆರೆಯುವ ಉಪಾಯವಷ್ಟೆ. ಕಣಜವೇ ಬರಿದಾಗಿದ್ದರೆ ಯಾವ ಆಟದಿಂದಲೂ ಕಾಳು ಬಾರದು ಎಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲಿ ಆಡಬಹುದಾದ ಆಟವೊಂದನ್ನು ಹೇಳುವೆವು. ನಾಲ್ವರು ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದೇ ಪದ ಹೇಳುತ್ತ ಕಥೆ ಕಟ್ಟಬೇಕು. ‘ಅಜ್ಜಿ’ ಎಂದರು ಒಬ್ಬರು. ‘ಸಂತೆಯಲ್ಲಿ’ ಎಂದಳು ಸೊಸೆ. ‘ಕೊಡೆಯನ್ನು’ ಎಂದ ಹುಡುಗ. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗನೆ ಬಂದುಬಿಡುತ್ತದೆ, ಕನ್ನಡದಲ್ಲಿ ಸಾಮಾನ್ಯವಾಗಿ ಕಡೆಗೆ. ‘ಕೊಂಡಳು’ ಎಂಬುದೋ ‘ಮರೆತಳು’ ಎಂಬುದೋ, ಕೊನೆಯವರ ಕೈಯಲ್ಲಿದೆ! ಹೀಗಾಗಿ ಈ ಆಟ ನಮ್ಮ ಭಾಷೆಗೆ ಹೇಳಿ ಮಾಡಿಸಿದಂತಿದೆ. ಮುಂದೇನೆಂದು ಯಾರಿಗೂ ತಿಳಿಯದಿರುವುದರಿಂದ ತಪ್ಪಿನ ಅಂಜಿಕೆಯೂ ಇಲ್ಲ.

ಅಗಲಿದ ಹಿರಿಯರ ಬಗೆಗೆ ಬರೆಯಬೇಕಾದವರಿಗೆ ಇನ್ನೊಂದು ಬಗೆಯುಂಟು. ‘ಅವರು ಅಪರೂಪದ ವ್ಯಕ್ತಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದು ಆರಂಭಿಸಿದರೆ ಲೇಖನಿ ಎರಡನೆಯ ಸಾಲಿಗೇ ನಿಲ್ಲುತ್ತದೆ, ಏಕೆಂದರೆ ಆ ಮಾತು ಯಾರಿಗಾದರೂ ಒಪ್ಪುತ್ತದೆ. ಅದರ ಬದಲು ಎರಡು ಕುರ್ಚಿ ಹಾಕಿರಿ. ಬರೆಯುವವರು ಅಜ್ಜನಾಗಿ ಕೂಡಲಿ, ಮನೆಯ ಹುಡುಗ ಕೇಳಲಿ: ‘ಅಜ್ಜಾ, ಕೋಟಿನ ಕಿಸೆಯಾಗ ಏನಿಟ್ಟೀರಿ?’ ಕ್ಷಣವೂ ತಡೆಯದೆ ಉತ್ತರಿಸಬೇಕು. ನಶ್ಯದ ಡಬ್ಬಿ, ಹಳೆಯ ಬಸ್ ಚೀಟಿ, ಮೊಮ್ಮಗಳಿಗೆಂದು ಪೆಪ್ಪರಮೆಂಟು. ‘ಬಸ್ಸಿನಾಗ ಎಲ್ಲಿಗೆ ಹೋಗಿದ್ದಿರಿ?’ ಎಂಬ ಮರುಪ್ರಶ್ನೆಗೆ ಎಂದೋ ಕೇಳಿ ಮರೆತಿದ್ದ ಸಂಗತಿ ತಾನಾಗಿ ಹೊರಬರುತ್ತದೆ. ಆಟದಲ್ಲಿ ಊಹೆಯೂ ಬೆರೆಯುವುದು ಸಹಜ. ನಡೆದದ್ದು ಯಾವುದು, ಕಲ್ಪಿಸಿದ್ದು ಯಾವುದು ಎಂಬುದನ್ನು ಮನೆಯ ಹಿರಿಯರೊಡನೆ ಕೇಳಿ ಬೇರ್ಪಡಿಸಿದ ಮೇಲೆಯೇ ಅಚ್ಚಿಗೆ ಕೊಡಬೇಕು.

ಕಥೆ ಮುಗಿಸುವ ಬಗೆಗೂ ಜಾನ್‌ಸ್ಟೋನರ ಸೂಚನೆಯಿದೆ. ಮುಂದೇನೆಂದು ತಲೆ ಕೆಡಿಸಿಕೊಳ್ಳದೆ, ಹಿಮ್ಮುಖವಾಗಿ ನಡೆಯುವವನಂತೆ, ಹಿಂದೆ ಬಿಟ್ಟುಬಂದುದನ್ನು ನೋಡಬೇಕು. ಅದರಲ್ಲೊಂದನ್ನು ಎತ್ತಿಕೊಂಡು ಮರಳಿ ತರಬೇಕು. ಮೇಲೆ ಹೇಳಿದ ಬಸ್ ಚೀಟಿ ಲೇಖನದ ಕೊನೆಯಲ್ಲಿ ಮತ್ತೊಮ್ಮೆ ಬಂದರೆ ಓದುಗನಿಗೆ ಕಥೆ ಪೂರ್ಣವಾದಂತೆ ತೋರುತ್ತದೆ.

ಆಟ ಮುಗಿದೊಡನೆ, ಚಹಾಕ್ಕೂ ಏಳದೆ, ಹದಿನೈದು ನಿಮಿಷ ಬರೆಯುವುದು ಒಳ್ಳೆಯದು. ಕಾಗುಣಿತ, ವ್ಯಾಕರಣಗಳನ್ನು ತಿದ್ದುವ ಕೆಲಸ ಮಾರನೆಯ ದಿನಕ್ಕಿರಲಿ. ಮಕ್ಕಳು ಶಾಲೆಯ ಪ್ರಬಂಧ ಬರೆಯುವಾಗಲಂತೂ ಹೆಗಲ ಮೇಲಿಂದ ಬಗ್ಗಿ ನೋಡುತ್ತ ‘ಒತ್ತಕ್ಷರ ತಪ್ಪಿತು’ ಎನ್ನುವುದನ್ನು ತಾಯಿತಂದೆಯರು ಆ ಹದಿನೈದು ನಿಮಿಷ ತಡೆದುಕೊಳ್ಳಬೇಕು.