ಹಳದಿಯ ಹಿಂದಿನ ಹೇಂಟೆ

ಮೈಸೂರಿನಿಂದ ಬಂಡೀಪುರದ ಕಡೆ ಹೊರಟವರು ಗುಂಡ್ಲುಪೇಟೆಯ ಆಸುಪಾಸಿನಲ್ಲಿ ಗಾಡಿ ನಿಲ್ಲಿಸುತ್ತಾರೆ. ಜುಲೈ, ಆಗಸ್ಟ್ ತಿಂಗಳಲ್ಲಿ ಅಲ್ಲಿ ರಸ್ತೆಯ ಪಕ್ಕ ಸೂರ್ಯಕಾಂತಿ, ಅದರಾಚೆ ಕಣ್ಣು ಹಾಯುವಷ್ಟು ದೂರ ಕೇಸರಿ ಬಣ್ಣದ ಚೆಂಡು ಹೂ. ಫೋಟೊ ತೆಗೆಸಿಕೊಳ್ಳುವವರು ಈ ಹೂವೆಲ್ಲ ಹಬ್ಬಕ್ಕೆ, ಹಾರಕ್ಕೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಆದರೆ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಬೆಳೆಯುವ ಹೂ ಹೋಗುವುದು ಕಾರ್ಖಾನೆಗೆ. ಅಲ್ಲಿ ಅದನ್ನು ಗುಂಡಿಯಲ್ಲಿ ಹುದುಗಿಸಿ, ಒಣಗಿಸಿ, ಅದರಿಂದ ಲ್ಯೂಟೀನ್ ಎಂಬ ಹಳದಿ ವಸ್ತುವನ್ನು ತೆಗೆಯುತ್ತಾರೆ. ಈ ಲ್ಯೂಟೀನಿಗೆ ದೊಡ್ಡ ಗಿರಾಕಿ ಯಾರು ಗೊತ್ತೇ? ಕೋಳಿ ಆಹಾರ ತಯಾರಿಸುವವರು. ಚೆಂಡು ಹೂವಿನ ಬಣ್ಣ ಕೋಳಿಯ ಹೊಟ್ಟೆಗೆ ಹೋಗಿ ಮೊಟ್ಟೆಯ ಹಳದಿಯಾಗಿ ನಮ್ಮ ತಟ್ಟೆಗೆ ಬರುತ್ತದೆ.

ಬೆಂಗಳೂರಿನಲ್ಲಿ ಒಳ್ಳೆಯ ನಾಟಿ ಮೊಟ್ಟೆ ಎಲ್ಲಿ ಸಿಗುತ್ತದೆ ಎಂದು ಹುಡುಕುವವರು ಮೊದಲು ತಿಳಿದಿರಬೇಕಾದ ಸಂಗತಿ ಇದು. ಹುಡುಕುವವರ ಕಣ್ಣಲ್ಲಿ ಇರುವುದು ಒಂದೇ ಚಿತ್ರ: ಕಾವಲಿಗೆ ಒಡೆದು ಹಾಕಿದ ಕೂಡಲೇ ಗುಂಡಗೆ ಎದ್ದು ನಿಲ್ಲುವ ಗಾಢ ಹಳದಿ. ಮನೆಯಲ್ಲಿ ಬಾಣಂತಿ ಇದ್ದರೆ, ಹಿರಿಯರು ಕಾಯಿಲೆ ಬಿದ್ದು ಎದ್ದಿದ್ದರೆ, ಬೆಳೆಯುವ ಮಕ್ಕಳಿದ್ದರೆ ಹುಡುಕಾಟ ಇನ್ನೂ ಜೋರು. ಮೊಟ್ಟೆ ಒಡೆದು, ಬಣ್ಣ ನೋಡಿ, ‘ಹೌದು, ಇದು ನಾಟಿಯೇ’ ಎಂದು ನಂಬಿಬಿಡುತ್ತೇವೆ. ಆ ಬಣ್ಣ ಕೋಳಿ ಏನು ತಿಂದಿತು ಎಂದಷ್ಟೇ ಹೇಳುತ್ತದೆ. ಬಯಲಲ್ಲಿ ಓಡಾಡಿತೋ ಪಂಜರದಲ್ಲಿ ನಿಂತಿತ್ತೋ ಎಂಬುದನ್ನು ಹೇಳುವುದಿಲ್ಲ.

ಕೋಳಿ ಈ ಹಳದಿಯನ್ನು ತನ್ನ ಮೈಯಲ್ಲಿ ತಾನೇ ತಯಾರಿಸಿಕೊಳ್ಳಲಾರದು, ತಿಂದದ್ದರಿಂದಲೇ ಬರಬೇಕು. ಒಂದು ಮೊಟ್ಟೆಯ ಹಳದಿ ಭಾಗದ ಬಹುಪಾಲು ತುಂಬಿಕೊಳ್ಳುವುದು ಅದು ಹೊರಬರುವ ಮುಂಚಿನ ಎಂಟು–ಹತ್ತು ದಿನಗಳಲ್ಲಿ, ಪದರದ ಮೇಲೆ ಪದರವಾಗಿ. ಹಾಗಾಗಿ ಇವತ್ತು ಮೇವು ಬದಲಿಸಿದರೆ ಹತ್ತು ಹನ್ನೆರಡು ದಿನಕ್ಕೆ ಬಣ್ಣವೂ ಬದಲಾಗುತ್ತದೆ. ಮುಸುಕಿನ ಜೋಳ ತಿಂದ ಕೋಳಿಯ ಮೊಟ್ಟೆಗೆ ಒಳ್ಳೆಯ ಹಳದಿ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳಕ್ಕೆ ಕೋಳಿ ಫಾರಂಗಳು ಕಾದಿರುವುದಕ್ಕೆ ಇದೂ ಒಂದು ಕಾರಣ. ಅಕ್ಕಿ ನುಚ್ಚು, ತೌಡು, ಬಿಳಿ ಜೋಳ ಹಾಕಿದರೆ ಬಣ್ಣ ತೆಳುವಾಗುತ್ತದೆ. ಮೆಣಸಿನಕಾಯಿಯಿಂದ ತೆಗೆದ ಕೆಂಪು ಅಂಶವನ್ನು ಮೇವಿಗೆ ಸೇರಿಸಿದರೆ ಹಳದಿ ಕಿತ್ತಳೆಗೆ ತಿರುಗುತ್ತದೆ. ಇದನ್ನು ಅಳೆಯಲು ಉದ್ಯಮದಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಣ್ಣದ ಪಟ್ಟಿಯೇ ಇದೆ. ಸ್ವಿಟ್ಜರ್ಲೆಂಡಿನ ರೋಷ್ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾದ ಆ ಪಟ್ಟಿಯಲ್ಲಿ 1ನೇ ಅಂಕಿಗೆ ತೀರ ಪೇಲವ ಹಳದಿ, 15ಕ್ಕೆ ಕಡು ಕಿತ್ತಳೆ. ಗಿರಾಕಿಗೆ ಯಾವ ಅಂಕಿ ಇಷ್ಟವೋ ಆ ಅಂಕಿಗೆ ಮೇವು ಹದ ಮಾಡಬಹುದು. ಇದರಲ್ಲಿ ಮೋಸವೇನೂ ಇಲ್ಲ, ಚೆಂಡು ಹೂವಿನ ಲ್ಯೂಟೀನ್ ವಿಷವೂ ಅಲ್ಲ. ಆದರೆ ಆ ಬಣ್ಣವನ್ನು ತೋರಿಸಿ ‘ಬಯಲ ಕೋಳಿ’ ಎಂದು ಮಾರುವುದು ಮೋಸ.

ಇನ್ನೊಂದು ಕಡೆಯಿಂದ ನೋಡಿ. ಮಾಗಡಿ, ಕನಕಪುರದ ರಾಗಿ ಸೀಮೆಯಲ್ಲಿ ಏಪ್ರಿಲ್ ತಿಂಗಳ ಬಿಸಿಲಿಗೆ ಹುಲ್ಲೆಲ್ಲ ಒಣಗಿರುತ್ತದೆ. ಹಿತ್ತಲ ಕೋಳಿಗೆ ಸಿಗುವುದು ಕಣದ ರಾಗಿ, ಅಡುಗೆ ಮನೆಯ ಅನ್ನ, ತಿಪ್ಪೆಯ ಹುಳು. ಅಪ್ಪಟ ನಾಟಿ ಹೇಂಟೆಯೇ ಆದರೂ ಆಗ ಅದರ ಮೊಟ್ಟೆಯ ಹಳದಿ ಮಂಕು. ಮುಂಗಾರು ಬಿದ್ದು ಬದುವಿನಲ್ಲಿ ಗರಿಕೆ, ಅಣ್ಣೆ ಸೊಪ್ಪು ಚಿಗುರಿದ ಮೇಲೆ ಅದೇ ಹೇಂಟೆಯ ಮೊಟ್ಟೆ ರಂಗೇರುತ್ತದೆ. ಹಿಪ್ಪುನೇರಳೆ ತೋಟವಿರುವ ಮನೆಗಳಲ್ಲಿ ಇನ್ನೂ ಚೆನ್ನ. ರೇಷ್ಮೆ ಹುಳು ಸಾಕುವ ಮನೆಯಿಂದ ಹೊರಬಿದ್ದ ಸೊಪ್ಪನ್ನು ಕೋಳಿಗಳು ಕೆದಕಿ ತಿನ್ನುತ್ತವೆ. ಆ ಸೊಪ್ಪಿನಲ್ಲೂ ಲ್ಯೂಟೀನ್ ಇದೆ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಿಗೆ ಬರುವ ಹಳದಿ ರೇಷ್ಮೆಗೂಡಿಗೆ ಬಣ್ಣ ಕೊಡುವುದೂ ಸೊಪ್ಪಿನ ಇದೇ ಜಾತಿಯ ವಸ್ತು. ವರ್ಷವಿಡೀ ಒಂದೇ ಬಣ್ಣದ ಹಳದಿ ಬರುತ್ತಿದೆ ಎಂದರೆ ಅದು ಮಳೆ ನೋಡಿ ಬಂದದ್ದಲ್ಲ, ಮೇವಿನ ಚೀಲ ನೋಡಿ ಬಂದದ್ದು.

ಹಾಗಾದರೆ ನಿಜವಾದ ನಾಟಿ ಮೊಟ್ಟೆ ನಗರಕ್ಕೆ ಬರುವುದಾದರೂ ಎಷ್ಟು? ಇಲ್ಲಿ ಲೆಕ್ಕ ಮುಖ್ಯ. ನಾಟಿ ಹೇಂಟೆಯೊಂದು ವರ್ಷಕ್ಕೆ ಇಡುವುದು ಸುಮಾರು 50–60 ಮೊಟ್ಟೆ. ಅದೂ ಸರಾಗವಾಗಿ ಅಲ್ಲ. ಮಂಕರಿಯ ಮರೆಯಲ್ಲೋ ಸೌದೆ ಒಟ್ಟಿನ ಸಂದಿಯಲ್ಲೋ ಜಾಗ ಹುಡುಕಿಕೊಂಡು ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ದಿನವೂ ಮೊಟ್ಟೆ ಎತ್ತಿಕೊಳ್ಳುವ ಹೆಂಗಸರು ಒಂದನ್ನು ಅಲ್ಲೇ ಬಿಡುತ್ತಾರೆ. ಪೂರ್ತಿ ಬರಿದು ಮಾಡಿದರೆ ಅದು ಜಾಗವನ್ನೇ ಬದಲಿಸಿ ಬೇಲಿಯಾಚೆ ಇಟ್ಟು ಬರುತ್ತದೆ. ಆಮೇಲೆ ಒಂದು ದಿನ ಮೈ ಉಬ್ಬಿಸಿ, ಹತ್ತಿರ ಹೋದವರ ಕೈಗೆ ಕುಕ್ಕುತ್ತಾ, ಕೊಕ್ಕೊಕ್ಕೋ ಎಂದು ಗೊಣಗುತ್ತಾ ಕಾವಿಗೆ ಕೂರುತ್ತದೆ. ಕಾವು 21 ದಿನ. ನಂತರ ಮರಿಗಳನ್ನು ರೆಕ್ಕೆಯ ಕೆಳಗೆ ಇಟ್ಟುಕೊಂಡು, ಹದ್ದಿನಿಂದ ಕಾಪಾಡಿ, ಕೆದಕುವುದನ್ನು ಕಲಿಸಿ ದೊಡ್ಡದು ಮಾಡಲು ಎರಡು ಮೂರು ತಿಂಗಳು. ಅಲ್ಲಿಯವರೆಗೆ ಮೊಟ್ಟೆಯ ಮಾತೇ ಇಲ್ಲ. ಕೋಳಿ ಸಾಕಿದ ಮನೆಯವರಿಗೂ ಮೊಟ್ಟೆ ಮಾರುವ ಆತುರವಿಲ್ಲ. ಇವತ್ತು ಕೆಲವು ರೂಪಾಯಿಗೆ ಹೋಗುವ ಮೊಟ್ಟೆಯನ್ನು ಕಾವಿಗೆ ಇಟ್ಟರೆ ನಾಳೆ ಅದು ಹುಂಜವಾಗಿ ನೂರಾರು ರೂಪಾಯಿಗೆ ಹೋಗುತ್ತದೆ.

ಫಾರಂನ ಬಿಳಿ ಲೆಗ್‌ಹಾರ್ನ್ ಕೋಳಿ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವ ಗುಣವನ್ನೇ ಅದರಿಂದ ತೆಗೆದುಹಾಕಿದ್ದಾರೆ. ಬೆಂಗಳೂರಿನ ಅಂಗಡಿಗಳಿಗೆ 30ರ ಟ್ರೇಗಳಲ್ಲಿ ಬರುವುದು ಈ ಮೊಟ್ಟೆ. ಹೆಚ್ಚಿನದು ತಮಿಳುನಾಡಿನ ನಾಮಕ್ಕಲ್‌ನಿಂದಲೂ ನಮ್ಮದೇ ರಾಜ್ಯದ ದೊಡ್ಡ ಫಾರಂಗಳಿಂದಲೂ ಬರುತ್ತದೆ. 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ, ಊರೂರಿಗೆ ಬೆಲೆ ಪ್ರಕಟಿಸುವುದೂ ಈ ಮೊಟ್ಟೆಗೇ. ಇದನ್ನು ಕೀಳಾಗಿ ನೋಡಬೇಡಿ ಎಂದು ಇಲ್ಲೇ ಹೇಳಿಬಿಡುತ್ತೇನೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ತಟ್ಟೆಗೆ ಬೀಳುವುದು ಈ ಮೊಟ್ಟೆಯೇ. ಅದು ಬಿದ್ದದ್ದು ದೊಡ್ಡ ವಿಷಯ. ಹಳದಿ ತೆಳುವಾಗಿದೆ ಎಂದ ಮಾತ್ರಕ್ಕೆ ಪ್ರೋಟೀನ್ ಕಡಿಮೆಯಾಗುವುದಿಲ್ಲ.

ನಾಟಿಗೂ ಫಾರಂಗೂ ನಡುವೆ ಇನ್ನೊಂದು ಬಗೆಯ ಕೋಳಿ ಇದೆ. ಅದರ ತವರು ಬೆಂಗಳೂರಿನ ಒಳಗೇ ಇದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನವೂ ಸಾಲುಗಟ್ಟಿ ನಿಲ್ಲುವ ಲಕ್ಷಾಂತರ ಜನಕ್ಕೆ, ಅಲ್ಲೇ ಹತ್ತಿರದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಕರ್ನಾಟಕದ ಹಳ್ಳಿಗಳ ಹಿತ್ತಲನ್ನು ಬದಲಿಸಿದ ಕೆಲಸ ನಡೆದಿದೆ ಎಂಬುದು ಗೊತ್ತಿಲ್ಲ. ಕಾಲೇಜು ಶುರುವಾದದ್ದು 1958ರಲ್ಲಿ. ಅದು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ಕಾಲದಲ್ಲಿ ಅಲ್ಲಿನ ಕುಕ್ಕುಟ ವಿಜ್ಞಾನ ವಿಭಾಗ ರೂಪಿಸಿದ ತಳಿ ‘ಗಿರಿರಾಜ’. ಹಿತ್ತಲಲ್ಲಿ ಬಿಟ್ಟರೆ ಬದುಕಿಕೊಳ್ಳುವ, ಬಣ್ಣಬಣ್ಣದ ಪುಕ್ಕದ, ನಾಟಿಯಂತೆಯೇ ಕಾಣುವ, ಆದರೆ ಬೇಗ ತೂಕ ಬರುವ ಹಕ್ಕಿ. ವರ್ಷಕ್ಕೆ 130–150 ಮೊಟ್ಟೆ, ಅಂದರೆ ನಾಟಿಯ ಎರಡರಷ್ಟಕ್ಕೂ ಹೆಚ್ಚು. ಅದರ ನಂತರ ಬಂದ ‘ಸ್ವರ್ಣಧಾರಾ’ ಮೊಟ್ಟೆಯಲ್ಲಿ ಗಿರಿರಾಜನನ್ನು ಮೀರಿಸಿತು. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯಾ ಕೂಡ ಇದೇ ಸಾಲಿನವು.

ಈ ತಳಿಗಳ ಹಿಂದಿನ ಉದ್ದೇಶ ನನಗೆ ತುಂಬಾ ಹಿಡಿಸುತ್ತದೆ. ಜಮೀನಿಲ್ಲದ, ಶೆಡ್ ಕಟ್ಟಲು ಬಂಡವಾಳವಿಲ್ಲದ ಹೆಣ್ಣುಮಗಳು ಹತ್ತು ಮರಿ ತಂದು, ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿ, ಮನೆಯ ನುಚ್ಚು ಸೊಪ್ಪಿನಲ್ಲೇ ಸಾಕಿ ನಾಲ್ಕು ಕಾಸು ನೋಡಲಿ ಎಂಬ ಯೋಚನೆ ಅದು. ಒಂದು ತೊಡಕಿದೆ: ಇವು ಮಿಶ್ರ ತಳಿಗಳು. ಅವುಗಳ ಮೊಟ್ಟೆಯನ್ನೇ ಮತ್ತೆ ಕಾವಿಗೆ ಇಟ್ಟರೆ ಮುಂದಿನ ಪೀಳಿಗೆಯಲ್ಲಿ ಗುಣ ಉಳಿಯುವುದಿಲ್ಲ, ಮರಿಗೆ ಮತ್ತೆ ಸಂಸ್ಥೆಗೇ ಹೋಗಬೇಕು. ಬೇಡಿಕೆ ಜಾಸ್ತಿ, ಹಾಗಾಗಿ ಮರಿಗೆ ಮೊದಲೇ ಹೇಳಿಟ್ಟು ಕಾಯುವುದು ರೈತರಿಗೆ ರೂಢಿಯಾಗಿದೆ. ನಗರದ ಇನ್ನೊಂದು ಅಂಚಿನಲ್ಲಿ, ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ. ರೈತರಿಗೆ ತರಬೇತಿ ಕೊಡುವುದು, ಹಿತ್ತಲ ಸಾಕಣೆಗೆ ಮರಿ ಒದಗಿಸುವುದು ಅದರ ಕೆಲಸ. 2012ರಲ್ಲಿ ಅಲ್ಲಿನ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂತು. ಅಷ್ಟು ದೊಡ್ಡ ಪೆಟ್ಟು ತಿಂದೂ ಸಂಸ್ಥೆ ಮತ್ತೆ ಎದ್ದು ನಿಂತಿತು.

ಇಂದು ಬೆಂಗಳೂರಿನಲ್ಲಿ ‘ನಾಟಿ’ ಹೆಸರಿನಲ್ಲಿ ಸಿಗುವ ಒಳ್ಳೆಯ ಮೊಟ್ಟೆಗಳಲ್ಲಿ ಎಷ್ಟೋ ಇಂಥ ಸುಧಾರಿತ ಕೋಳಿಗಳವು. ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಆನೇಕಲ್ ಕಡೆಯ ತೋಟಗಳಲ್ಲಿ ನೂರಿನ್ನೂರು ಕೋಳಿ ಬಿಟ್ಟು ಸಾಕುವವರಿಗೆ ಇವೇ ಆಧಾರ. ಹಗಲೆಲ್ಲ ಮಾವಿನ ಮರದಡಿ ಕೆದಕಿ, ಸಂಜೆ ಗೂಡಿಗೆ ಬರುವ ಕೋಳಿಗಳಿವು. ಜೊತೆಗೆ ತಿನ್ನಲು ನುಗ್ಗೆ ಸೊಪ್ಪು, ಅಗಸೆ ಸೊಪ್ಪು, ಅಜೋಲಾ. ಇಂಥ ಕಡೆಯ ಮೊಟ್ಟೆಯ ಹಳದಿ ಚೆನ್ನಾಗಿಯೇ ಇರುತ್ತದೆ. ಮಾರುವವರು ‘ಇದು ಗಿರಿರಾಜ’, ‘ಇದು ಸ್ವರ್ಣಧಾರಾ’ ಎಂದು ಹೇಳಿ ಮಾರಿದರೆ ಯಾರಿಗೂ ನಷ್ಟವಿಲ್ಲ. ಹಾಗೆ ಹೇಳುವವರಿಗೆ ನಾನು ಎರಡು ರೂಪಾಯಿ ಜಾಸ್ತಿ ಕೊಡುತ್ತೇನೆ.

ಸಿಪ್ಪೆಯ ಬಣ್ಣವನ್ನೂ ನಂಬಬೇಡಿ. ಅದು ತಳಿಯಿಂದ ಬರುವ ಗುಣ. ಕಂದು ಮೊಟ್ಟೆ ಇಡುವ ಬಿವಿ-380ರಂಥ ಫಾರಂ ಕೋಳಿಗಳೂ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಕೊಡುತ್ತವೆ. ಬಿಳಿ ಮೊಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ನಾಟಿ ಎಂದು ಮಾರುವವರೂ ಸಿಕ್ಕಿಬಿದ್ದಿದ್ದಾರೆ. ಕಡಕ್‌ನಾಥ್ ಕೋಳಿ ಮೈಯೆಲ್ಲ ಕಪ್ಪು, ಅದರ ಮೊಟ್ಟೆ ಮಾತ್ರ ತಿಳಿ ಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ತೋರಿಸಿದರೆ ಅಲ್ಲಿಂದ ಹೊರಟುಬಿಡಿ.

ನಿಜವಾದ ನಾಟಿ ಮೊಟ್ಟೆಗಳ ಬುಟ್ಟಿಯಲ್ಲಿ ಕಾಣುವುದು ಏರುಪೇರು. ಒಂದು ಗಿಡ್ಡ, ಒಂದು ಉದ್ದ. ಒಂದು ಕೆನೆ ಬಣ್ಣ, ಒಂದು ಮಾಸಲು ಗುಲಾಬಿ, ಇನ್ನೊಂದರ ಮೇಲೆ ಹುಲ್ಲಿನ ಗೀರು. ತೂಕ ಸುಮಾರು 40 ಗ್ರಾಂ. ಫಾರಂ ಮೊಟ್ಟೆ 50 ಗ್ರಾಂ ದಾಟುತ್ತದೆ. ಆದರೆ ಗಾತ್ರಕ್ಕೆ ಹೋಲಿಸಿದರೆ ನಾಟಿಯಲ್ಲಿ ಹಳದಿಯ ಪಾಲು ಹೆಚ್ಚು. ಬಾಯಿಗೆ ಹತ್ತುವ ಆ ಜಿಡ್ಡಿನ ರುಚಿಯ ಗುಟ್ಟು ಅದೇ.

ತಾಜಾತನದ ಪರೀಕ್ಷೆ ಬೇರೆ. ಒಂದು ಲೋಟ ನೀರಿಗೆ ಮೊಟ್ಟೆ ಬಿಡಿ. ಹೊಸದು ಅಡ್ಡಡ್ಡ ಮಲಗುತ್ತದೆ, ದಿನ ಕಳೆದದ್ದು ದಪ್ಪ ತುದಿ ಮೇಲೆ ಮಾಡಿ ನಿಲ್ಲುತ್ತದೆ, ತೀರಾ ಹಳೆಯದು ತೇಲುತ್ತದೆ. ಸಿಪ್ಪೆಯ ಸಣ್ಣ ರಂಧ್ರಗಳಿಂದ ತೇವ ಆರಿ ಒಳಗೆ ಗಾಳಿ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ತಟ್ಟೆಗೆ ಒಡೆದರೆ ತಾಜಾ ಮೊಟ್ಟೆಯ ಬಿಳಿ ಗಟ್ಟಿಯಾಗಿ ಹಳದಿಯನ್ನು ಅಪ್ಪಿಕೊಂಡಿರುತ್ತದೆ, ಹಳೆಯದರದ್ದು ನೀರಾಗಿ ಹರಿಯುತ್ತದೆ. ಬೇಯಿಸಿದಾಗ ಸಿಪ್ಪೆ ಸರಿಯಾಗಿ ಬಿಡುತ್ತಿಲ್ಲ ಎಂದು ಬೇಸರಪಡಬೇಡಿ, ಅದೂ ತಾಜಾ ಎಂಬುದಕ್ಕೇ ಸಾಕ್ಷಿ. ತಂದ ಕೂಡಲೇ ತೊಳೆದಿಡುವ ಅಭ್ಯಾಸ ಬಿಡಿ. ಸಿಪ್ಪೆಯ ಮೇಲಿನ ತೆಳ್ಳನೆ ಲೇಪ ತೊಳೆದುಹೋದರೆ ಕೊಳೆ ಒಳಗಿಳಿಯಲು ದಾರಿಯಾಗುತ್ತದೆ. ಬೇಯಿಸುವ ಮುಂಚೆ ತೊಳೆದರೆ ಸಾಕು. ಕೈಕಾಲು ಮುರಿದವರಿಗೆ ನಾಟಿ ಮೊಟ್ಟೆಯನ್ನು ಹಸಿಯಾಗಿ ಕುಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಸಾಲ್ಮೊನೆಲ್ಲಾ ನಾಟಿ, ಫಾರಂ ಎಂದು ಭೇದ ಮಾಡುವುದಿಲ್ಲ, ಬೆಂದ ಮೊಟ್ಟೆಯ ಪ್ರೋಟೀನೇ ಮೈಗೆ ಚೆನ್ನಾಗಿ ಹತ್ತುತ್ತದೆ.

ಕೊಳ್ಳುವ ಮುಂಚೆ ಮಾರುವವರನ್ನು ಮಾತಾಡಿಸಿ. ಯಾವ ತಳಿ? ಏನು ಹಾಕುತ್ತೀರಿ? ರಾತ್ರಿ ಎಲ್ಲಿ ಕೂಡುತ್ತೀರಿ? ಕೋಳಿ ಸಾಕಿದವರು ಈ ಪ್ರಶ್ನೆಗಳಿಗೆ ತಡವರಿಸುವುದಿಲ್ಲ. ನಾಯಿ ಹಿಡಿದದ್ದು, ಮುಂಗುಸಿ ಬಂದದ್ದು ಎಲ್ಲವನ್ನೂ ತಾವಾಗಿಯೇ ಹೇಳುತ್ತಾರೆ. ಸಾಧ್ಯವಾದರೆ ಒಂದು ಭಾನುವಾರ ಅವರ ತೋಟಕ್ಕೇ ಹೋಗಿ ನೋಡಿ ಬನ್ನಿ. ನಗರದ ಅಂಚಿನ ಸಂತೆಗಳಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಅಜ್ಜಿಯರ ಹತ್ತಿರ ಚೌಕಾಸಿ ಮಾಡಬೇಡಿ. ವರ್ಷಕ್ಕೆ 60 ಮೊಟ್ಟೆ ಇಡುವ ಕೋಳಿಯ ಲೆಕ್ಕ ನಿಮಗೀಗ ಗೊತ್ತಿದೆ. ಬೇಸಿಗೆಯಲ್ಲಿ ‘ಕೋಳಿ ಕಾವಿಗೆ ಕೂತಿದೆ, ಈ ವಾರ ಮೊಟ್ಟೆ ಇಲ್ಲ’ ಎಂದು ಯಾರಾದರೂ ವಾಪಸ್ ಕಳಿಸಿದರೆ ಅವರನ್ನು ಬಿಡಬೇಡಿ. ಮುಂದಿನ ತಿಂಗಳೂ ಅವರ ಹತ್ತಿರವೇ ಹೋಗಿ ಕೊಳ್ಳಿ.